ಪರಾಜಯೋತ್ತರ ನಾಯಕಶೋಧ: ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ

ಗೆದ್ದವರಿಗೆ ನಮ್ಮಲ್ಲಿ ಶಾಸ್ತ್ರಗಳ ಕೊರತೆಯಿಲ್ಲ. ಬೊಕ್ಕಸ ತುಂಬುವುದು ಹೇಗೆ, ಕೋಟೆ ಕಟ್ಟುವುದು ಎಲ್ಲಿ, ಗೂಢಚಾರನಿಗೆ ಯಾವ ವೇಷ ಹಾಕಿಸಬೇಕು ಎಂಬುದನ್ನೆಲ್ಲ ಕೌಟಿಲ್ಯ ಬಿಡಿಸಿ ಬಿಡಿಸಿ ಹೇಳಿದ್ದಾನೆ. ಆದರೆ ಚುನಾವಣೆಯಲ್ಲಿ ಮಣ್ಣುಮುಕ್ಕಿದ ಪಕ್ಷವೊಂದು ತನಗೆ ಹೊಸ ನಾಯಕನನ್ನು ಹುಡುಕಿಕೊಳ್ಳುವ ವಿಧಿವಿಧಾನದ ಬಗ್ಗೆ ಅರ್ಥಶಾಸ್ತ್ರದ 15 ಅಧಿಕರಣಗಳನ್ನು ತಡಕಾಡಿದರೂ ಒಂದು ವಾಕ್ಯ ಸಿಗುವುದಿಲ್ಲ. ಆ ಕಾಲದಲ್ಲಿ ಸೋತವನ ತಲೆ ಸಾಮಾನ್ಯವಾಗಿ ಕತ್ತಿನ ಮೇಲೆ ಉಳಿಯುತ್ತಿರಲಿಲ್ಲವಾದ್ದರಿಂದ, ಆತ ಸುದ್ದಿಗೋಷ್ಠಿ ಕರೆದು ‘ಪಕ್ಷ ಕೊಟ್ಟ ಜವಾಬ್ದಾರಿ ನಿಭಾಯಿಸುತ್ತೇನೆ’ ಎನ್ನುವ ಪ್ರಮೇಯವೇ ಬಂದಿರಲಿಕ್ಕಿಲ್ಲ.

ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನೂತನ ವಿದ್ಯಾಶಾಖೆಗೆ ‘ಪರಾಜಯೋತ್ತರ ನಾಯಕಶೋಧ ಶಾಸ್ತ್ರ’ ಎಂದು ನಾಮಕರಣ ಮಾಡಲಾಗಿದೆ. ಹೆಸರು ಉದ್ದವಾಯಿತೆಂದು ಮೂಗು ಮುರಿಯುವವರು ಶೋಧ ನಡೆಯುವ ಅವಧಿಯನ್ನು ಕಂಡ ಮೇಲೆ ಸುಮ್ಮನಾಗುವರೆಂಬ ನಂಬಿಕೆ ನಮ್ಮದು. ಪ್ರಮಾಣಗಳ ವಿಷಯದಲ್ಲಿ ನಾವು ನ್ಯಾಯದರ್ಶನದವರನ್ನೇ ಅನುಸರಿಸಿದ್ದೇವೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇವುಗಳಲ್ಲಿ ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಆಪ್ತರು ಯಾರು? ‘ನನ್ನ ಹೆಸರು ಹಾಕಬೇಡಿ’ ಎಂದು ಹೇಳಿ ವರದಿಗಾರರಿಗೆ ಮೊದಲು ಕರೆ ಮಾಡುವವರು. ಪತ್ರಿಕೆಗಳು ಇವರನ್ನು ‘ಬಲ್ಲ ಮೂಲಗಳು’ ಎನ್ನುತ್ತವೆ. ಮೂಲಗಳು ಬಲ್ಲದ್ದು ಮರುದಿನ ಸುಳ್ಳಾದರೆ ಶಾಸ್ತ್ರಕ್ಕೇನೂ ಧಕ್ಕೆಯಿಲ್ಲ. ಆ ಹೊತ್ತಿಗೆ ಬೇರೆ ಮೂಲಗಳು ಬಲ್ಲವರಾಗಿರುತ್ತಾರೆ.

ಪೂರ್ವಪಕ್ಷ, ಸಿದ್ಧಾಂತ

ಪಾಮರರ ವಾದ ಹೀಗಿದೆ: ಪಕ್ಷ ಸೋತಿತು, ನಾಯಕನ ಕುರ್ಚಿ ಖಾಲಿಯಾಯಿತು, ಆದ್ದರಿಂದ ಯೋಗ್ಯನೊಬ್ಬನನ್ನು ಹುಡುಕುತ್ತಾರೆ, ಯೋಗ್ಯರು ಅಪರೂಪವಾದ್ದರಿಂದ ತಡವಾಗುತ್ತದೆ.

ಇದು ಹುರುಳಿಲ್ಲದ ವಾದ. ತಡವೇ ದೋಷವಾಗಿದ್ದರೆ ಎಲ್ಲ ಪಕ್ಷಗಳೂ ಎಲ್ಲ ಕಾಲಕ್ಕೂ ಎಲ್ಲ ದೇಶಗಳಲ್ಲೂ ಅದೇ ದೋಷವನ್ನು ಇಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ. ನಮ್ಮ ಸಿದ್ಧಾಂತ ಬೇರೆ. ಸೋಲಿನ ಮರುದಿನ ಪಕ್ಷದ ಕಚೇರಿಯಲ್ಲಿ ಒಂದು ಪ್ರಶ್ನೆ ಓಡಾಡುತ್ತಿರುತ್ತದೆ: ‘ಯಾಕೆ ಸೋತೆವು?’ ಈ ಪ್ರಶ್ನೆ ಬಲು ಅಪಾಯಕಾರಿ. ಇದಕ್ಕೆ ಉತ್ತರ ಹುಡುಕಹೊರಟರೆ ಟಿಕೆಟ್ ಹಂಚಿದವರು, ಹಣ ಹಂಚಿದವರು, ಹಂಚದೆ ಇಟ್ಟುಕೊಂಡವರು ಎಲ್ಲರೂ ಬಾಯಿ ಬಿಡಬೇಕಾಗುತ್ತದೆ. ಆದ್ದರಿಂದ ಅದನ್ನು ‘ಯಾರು ನಾಯಕ?’ ಎಂಬ ಪ್ರಶ್ನೆಯಾಗಿ ಮಾರ್ಪಡಿಸಬೇಕು. ಅದು ಸಾಕಷ್ಟು ಕಾಲ ಕುದಿದ ಬಳಿಕ ತಾನೇ ತಾನಾಗಿ ‘ಯಾರು ಮುನಿಸಿಕೊಂಡರು?’ ಎಂಬ ಪ್ರಶ್ನೆಯಾಗುತ್ತದೆ. ಮೊದಲನೇ ಪ್ರಶ್ನೆ ಕಾರ್ಯಕರ್ತರ ಮನಸ್ಸಿನಿಂದ ಪೂರ್ತಿ ಅಳಿದುಹೋದ ದಿನವೇ ನಾಯಕ ಸಿಗುತ್ತಾನೆ. ಅದಕ್ಕೆ ಒಂದು ದಿನ ಮುಂಚೆಯೂ ಇಲ್ಲ. ನಾಯಕಶೋಧವೆಂದರೆ ಕಾಲಹರಣವೆಂದು ಬೈಯುವವರಿಗೆ ನಮ್ಮ ಉತ್ತರ: ಹೌದು, ಮತ್ತು ಹರಣವಾಗಬೇಕಾದ್ದು ಅದೇ.

ಇನ್ನು ನಿದರ್ಶನಗಳು.

ಸೋಲಿನ ಲಕ್ಷಣ

2023ರ ಮೇ 13ರಂದು ಕರ್ನಾಟಕ ವಿಧಾನಸಭೆಯ ಫಲಿತಾಂಶ ಬಂತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಅಧಿಕಾರದಲ್ಲಿದ್ದ ಬಿಜೆಪಿ ಹಿಂದಿನ ಚುನಾವಣೆಯಲ್ಲಿ 104 ಗೆದ್ದಿತ್ತು. ಕಣ್ಣಿದ್ದವರಿಗೆ ಇದು ಸೋಲಿನಂತೆ ಕಾಣುತ್ತದೆ. ಆದರೆ ಶಾಸ್ತ್ರ ಬರಿಗಣ್ಣನ್ನು ನಂಬುವುದಿಲ್ಲ. 2018ರಲ್ಲಿ ಆ ಪಕ್ಷಕ್ಕೆ ಬಿದ್ದ ಮತ ಶೇಕಡಾ 36ರ ಆಸುಪಾಸು. 2023ರಲ್ಲಿಯೂ ಶೇಕಡಾ 36. ಅಂದರೆ ಮತದಾರರು ಬಿಟ್ಟುಹೋಗಲಿಲ್ಲ, ಸ್ಥಾನಗಳು ಮಾತ್ರ ಬಿಟ್ಟುಹೋದವು. ಹೀಗಿರುವಾಗ ಇದನ್ನು ಸೋಲು ಎನ್ನಲು ಬರುವುದಿಲ್ಲ, ‘ಹಿನ್ನಡೆ’ ಎನ್ನಬೇಕು. ‘ಎಂದೆಂದೂ ನಮ್ಮ ಮತಬ್ಯಾಂಕ್ ಭದ್ರ’ ಎಂದು ವಾದಿಸುವವರಿಗೆ ಇದಕ್ಕಿಂತ ಸೊಗಸಾದ ಆಧಾರ ಬೇಕೆ? ಜೆಡಿಎಸ್‌ನ ಮತಗಳು ಕರಗಿ ಕಾಂಗ್ರೆಸ್ಸಿನ ಪಾತ್ರೆ ತುಂಬಿದ್ದು ಹೇಗೆ, ಬಿಜೆಪಿಯ 36 ಮಾತ್ರ ಅಲ್ಲಾಡದೆ ನಿಂತಿದ್ದು ಯಾಕೆ ಎಂದು ಕೇಳಿದ್ದರೆ ಅದು ನಿಜಕ್ಕೂ ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ಒಳ್ಳೆಯ ಪ್ರಶ್ನೆಯಾದ್ದರಿಂದಲೇ ಅದನ್ನು ಆತ್ಮಾವಲೋಕನ ಸಭೆಗೆ ಕಳಿಸಲಾಗುತ್ತದೆ.

ಆತ್ಮಾವಲೋಕನ ಸಭೆಯೆಂಬುದು ಪ್ರತಿಯೊಬ್ಬ ಮುಖಂಡನೂ ಇನ್ನೊಬ್ಬನ ಆತ್ಮವನ್ನು ಅವಲೋಕಿಸುವ ಕ್ರಿಯೆ. ಸಭೆಯ ಕೊನೆಗೆ ಮೂರು ಕಾರಣಗಳು ಹೊರಬೀಳುತ್ತವೆ: ಎದುರಾಳಿಯ ಸುಳ್ಳು ಭರವಸೆ, ನಮ್ಮ ಸಾಧನೆಯನ್ನು ಜನರಿಗೆ ತಲುಪಿಸುವಲ್ಲಿನ ಕೊರತೆ, ಮತ್ತು ಒಳಏಟು. ಮೂರನೆಯದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತದೆ, ಕಣ್ಣು ಪಕ್ಕದ ಕುರ್ಚಿಯತ್ತ ಹೊರಳುತ್ತದೆ.

ರಾಜೀನಾಮಾ ಪ್ರಕರಣ

ನಾಯಕಶೋಧದ ಪ್ರಥಮ ಸಂಸ್ಕಾರ ರಾಜೀನಾಮೆ. ನೈತಿಕ ಹೊಣೆ ಹೊತ್ತು ಕೊಡತಕ್ಕದ್ದು. ಕೊಟ್ಟದ್ದು ಅಂಗೀಕಾರವಾಗಬೇಕೆಂಬ ನಿಯಮವೇನೂ ಇಲ್ಲ.

2019ರ ಡಿಸೆಂಬರ್ 9ರ ಪ್ರಸಂಗವನ್ನು ನೋಡಿ. 15 ಕ್ಷೇತ್ರಗಳ ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದು ಕಾಂಗ್ರೆಸ್ಸಿಗೆ 2 ಉಳಿಸಿತು. ಫಲಿತಾಂಶದ ದಿನವೇ ಶಾಸಕಾಂಗ ಪಕ್ಷದ ನಾಯಕ ಸಿದ್ದರಾಮಯ್ಯ, ಕೆಪಿಸಿಸಿ ಅಧ್ಯಕ್ಷ ದಿನೇಶ್ ಗುಂಡೂರಾವ್ ಇಬ್ಬರೂ ರಾಜೀನಾಮೆ ಕಳಿಸಿದರು. ಎರಡು ಪತ್ರಗಳೂ ದೆಹಲಿಯಲ್ಲಿ 93 ದಿನ ತಣ್ಣಗೆ ಕೂತವು. 2020ರ ಮಾರ್ಚ್ 11ರಂದು ಒಂದು ಅಂಗೀಕಾರವಾಗಿ ಡಿ.ಕೆ. ಶಿವಕುಮಾರ್ ಅಧ್ಯಕ್ಷರಾದರು. ಇನ್ನೊಂದು ಅಂಗೀಕಾರವಾಗದೆ ಸಿದ್ದರಾಮಯ್ಯ ಇದ್ದಲ್ಲೇ ಮುಂದುವರಿದರು. ಒಂದೇ ಸೋಲು, ಒಂದೇ ದಿನ, ಒಂದೇ ನೈತಿಕತೆ, ಎರಡು ಫಲ. ಕರ್ಮಸಿದ್ಧಾಂತದ ಪಂಡಿತರು ಈ ಪ್ರಸಂಗವನ್ನು ಇನ್ನೂ ಗಮನಿಸಿಲ್ಲದಿರುವುದು ಸೋಜಿಗ.

ಅದೇ ಆದೇಶದಲ್ಲಿ ಮೂವರು ಕಾರ್ಯಾಧ್ಯಕ್ಷರೂ ಇದ್ದರು. ಅಧ್ಯಕ್ಷ ಒಬ್ಬ, ಕಾರ್ಯಾಧ್ಯಕ್ಷರು ಮೂವರು. ಕಾರ್ಯವನ್ನೆಲ್ಲ ಮೂವರಿಗೆ ಹಂಚಿದ ಮೇಲೆ ಅಧ್ಯಕ್ಷರಿಗೆ ಏನು ಉಳಿಯಿತೆಂದು ಪಾಮರರು ಕೇಳಬಹುದು. ಕಾರ್ಯಾಧ್ಯಕ್ಷ ಹುದ್ದೆಗೂ ಕಾರ್ಯಕ್ಕೂ ಸಂಬಂಧವಿಲ್ಲ. ಅದು ನಾಯಕನಾಗದೇ ಹೋದವನ ಸಮುದಾಯಕ್ಕೆ, ಜಿಲ್ಲೆಗೆ, ಬಣಕ್ಕೆ ಕೊಡುವ ರಸೀದಿ. ಅಂದಹಾಗೆ ಶಿವಕುಮಾರ್ ಪದಗ್ರಹಣ ಮಾಡಿದ್ದು ಜುಲೈ 2ರಂದು. ಅಷ್ಟರಲ್ಲಿ ಲಾಕ್‌ಡೌನ್ ಬಂದಿತ್ತು. ಈ ವಿಳಂಬಕ್ಕೆ ಮಾತ್ರ ಪಕ್ಷ ಹೊಣೆಯಲ್ಲ, ವೈರಾಣು ಹೊಣೆ. ನ್ಯಾಯ ನ್ಯಾಯವೇ.

ರಾಷ್ಟ್ರಮಟ್ಟದ ಮಾದರಿ ಇನ್ನೂ ಘನವಾದದ್ದು. 2019ರ ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ 52 ಬಂದವು. ಮೇ 25ರ ಕಾರ್ಯಕಾರಿ ಸಮಿತಿಯಲ್ಲಿ ರಾಹುಲ್ ಗಾಂಧಿ ರಾಜೀನಾಮೆ ಮುಂದಿಟ್ಟರು, ಸಮಿತಿ ಒಪ್ಪಲಿಲ್ಲ. ಕೊನೆಗೆ ಜುಲೈ 3ರಂದು ಅವರೇ ಪತ್ರವನ್ನು ಬಹಿರಂಗಪಡಿಸಿ ‘ನಾನು ಅಧ್ಯಕ್ಷನಲ್ಲ’ ಎಂದು ಜಗತ್ತಿಗೆ ಸಾರಬೇಕಾಯಿತು. ನೌಕರಿ ಬಿಡುತ್ತೇನೆಂದು ಹೇಳಲು ಒಬ್ಬ ಮನುಷ್ಯ ಇಷ್ಟು ಕಷ್ಟಪಟ್ಟದ್ದು ರಾಜಕೀಯದಲ್ಲಿ ವಿರಳ.

ಆಕಾಂಕ್ಷಿಯ ಲಕ್ಷಣ

ಕುರ್ಚಿ ಖಾಲಿಯಾದ ಕ್ಷಣದಿಂದ ಆಕಾಂಕ್ಷಿ ಹುಟ್ಟುತ್ತಾನೆ. ‘ನಾನು ಆಕಾಂಕ್ಷಿಯಲ್ಲ’ ಎಂಬ ಉದ್ಗಾರವೇ ಅವನ ಪ್ರಥಮ ರೋದನ. ಅದನ್ನು ಕೇಳಿಸಿಕೊಂಡವರು ತಕ್ಷಣ ಅವನ ಹೆಸರನ್ನು ಪಟ್ಟಿಗೆ ಸೇರಿಸುತ್ತಾರೆ. ಮೌನವಾಗಿದ್ದವನ ಹೆಸರು ಪಟ್ಟಿಯಲ್ಲಿ ಇನ್ನೂ ಮೇಲೆ ಹೋಗುತ್ತದೆ.

ಕ್ಷೇತ್ರಕಾರ್ಯದಲ್ಲಿ ಕಂಡದ್ದನ್ನು ಇಲ್ಲಿ ದಾಖಲಿಸುವುದು ಅಗತ್ಯ. ಮುಂಜಾನೆ ಆರರ ವಿಮಾನಕ್ಕೆ ಕೆಂಪೇಗೌಡ ನಿಲ್ದಾಣದ ಬಾಗಿಲಲ್ಲಿ ಕಾರು ನಿಲ್ಲುತ್ತದೆ. ಗರಿಗರಿ ಬಿಳಿ ಜುಬ್ಬ, ಹಣೆಗೆ ಆಗತಾನೇ ಇಟ್ಟ ಕುಂಕುಮ, ಕೈಯಲ್ಲಿ ಸಣ್ಣ ಬ್ಯಾಗು. ದೊಡ್ಡ ಸೂಟ್‌ಕೇಸ್ ಡಿಕ್ಕಿಯಿಂದ ಇಳಿಯುವುದು ಕ್ಯಾಮೆರಾದವರು ಸರಿದುಹೋದ ಮೇಲೆ.

‘ಸಾರ್, ದೆಹಲಿಗೆ? ವರಿಷ್ಠರ ಭೇಟಿಗಾ ಸಾರ್?’

‘ಏ ಇಲ್ಲಪ್ಪ. ಒಂದು ಖಾಸಗಿ ಕಾರ್ಯಕ್ರಮ ಇದೆ, ಸ್ನೇಹಿತರ ಮಗಳ ಮದುವೆ.’

‘ಇದು ಆಷಾಢ ಅಲ್ವಾ ಸಾರ್?’

‘ನಿಶ್ಚಿತಾರ್ಥ ಕಣಯ್ಯಾ.’

ಮರುದಿನ ಕರ್ನಾಟಕ ಭವನದ ತಿಂಡಿಯ ಕೋಣೆಯಲ್ಲಿ ಅದೇ ನಿಶ್ಚಿತಾರ್ಥಕ್ಕೆ ಬಂದ ಇನ್ನೊಬ್ಬರು ಎದುರಾಗುತ್ತಾರೆ. ಇಬ್ಬರ ತಟ್ಟೆಯಲ್ಲೂ ವಡೆ, ಸಾಂಬಾರಿನಲ್ಲಿ ಮುಳುಗಿ ಮೆತ್ತಗಾಗುತ್ತಿದೆ. ‘ನಿಮ್ಮ ಹೆಸರೇ ಓಡ್ತಿದೆಯಂತಲ್ಲ ಅಣ್ಣಾ’ ಎನ್ನುತ್ತಾರೆ ಒಬ್ಬರು. ‘ಅಯ್ಯೋ ನನಗ್ಯಾಕೆ ಸಾಹೇಬ್ರೆ ಆ ತಲೆನೋವು, ನೀವಿದ್ದೀರಲ್ಲ, ನಾನೇ ನಿಮ್ಮ ಹೆಸರು ಹೇಳಿ ಬಂದೆ’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ನಗುತ್ತಾರೆ. ಇಬ್ಬರ ಸಹಾಯಕರೂ ಬಾಗಿಲ ಹೊರಗೆ ನಿಂತು ಒಂದೇ ದೆಹಲಿ ನಂಬರಿಗೆ ಕರೆ ಮಾಡುತ್ತಿದ್ದಾರೆ. ಒಬ್ಬನಿಗೆ ‘ಬ್ಯುಸಿ’ ಬರುತ್ತಿದೆ, ಅದರ ಅರ್ಥ ಇನ್ನೊಬ್ಬನಿಗೆ ಸಿಕ್ಕಿದೆ ಎಂದು.

ಆಕಾಂಕ್ಷಿಯ ಯೋಗ್ಯತೆಯನ್ನು ಅಳೆಯುವುದು ಮೂರು ಅಕ್ಷಗಳ ಮೇಲೆ: ಸಮುದಾಯ, ಪ್ರದೇಶ, ಬಣ. ನಾಲ್ಕನೆಯದಾಗಿ ಸಾಮರ್ಥ್ಯವನ್ನೂ ಸೇರಿಸಬೇಕೆಂದು ಕೆಲವು ನವ್ಯರು ವಾದಿಸುತ್ತಾರೆ. ಮೂರಕ್ಕೇ ಉತ್ತರ ಸಿಗದೆ ಒದ್ದಾಡುವಲ್ಲಿ ನಾಲ್ಕನೆಯದನ್ನು ತಂದು ತುರುಕುವುದು ಗಣಿತದ ಮೇಲೆ ಎಸಗುವ ಕ್ರೌರ್ಯ. ಲಿಂಗಾಯತರಿಗೆ ಅಧ್ಯಕ್ಷಗಿರಿ ಕೊಟ್ಟರೆ ವಿಪಕ್ಷ ನಾಯಕತ್ವ ಒಕ್ಕಲಿಗರ ಕಡೆ ವಾಲಬೇಕು. ಎರಡೂ ದಕ್ಷಿಣಕ್ಕೆ ಬಂದರೆ ಉತ್ತರ ಕರ್ನಾಟಕ ಕೇಳುತ್ತದೆ. ಉತ್ತರಕ್ಕೆ ಒಂದು ಕೊಟ್ಟರೆ ಹಿಂದುಳಿದ ವರ್ಗಕ್ಕೇನು ಎಂದು ಕರಾವಳಿ ಕೇಳುತ್ತದೆ. ಒಂದು ಮನೆ ತುಂಬಿದರೆ ಇನ್ನೊಂದು ಮನೆಯ ಅಂಕಿ ತಪ್ಪುವ ಸುಡೊಕು ಇದು, ಮತ್ತು ಪೆನ್ಸಿಲ್ ದೆಹಲಿಯಲ್ಲಿದೆ.

ವೀಕ್ಷಕಾಗಮನ

ವೀಕ್ಷಕನೆಂದರೆ ಬಂದು, ನೋಡಿ, ಹೋಗುವವನು. ತಾನು ನೋಡಿದ್ದೇನೆಂದು ಅವನು ಹೇಳುವುದಿಲ್ಲ.

2023ರ ಜುಲೈ 3ರಂದು ವಿಧಾನಮಂಡಲದ ಅಧಿವೇಶನ ಶುರುವಾಯಿತು. ಬಿಜೆಪಿಗೆ ವಿರೋಧ ಪಕ್ಷದ ನಾಯಕ ಇರಲಿಲ್ಲ. ಹುದ್ದೆಗೆ ಸಂಪುಟ ದರ್ಜೆ ಉಂಟು, ಕಾರುಂಟು, ಕೊಠಡಿಯುಂಟು, ಕೂರುವವರಿಲ್ಲ. ಮನಸುಖ್ ಮಾಂಡವೀಯ ಮತ್ತು ವಿನೋದ್ ತಾವ್ಡೆ ಅವರನ್ನು ವೀಕ್ಷಕರಾಗಿ ಕಳಿಸಲಾಯಿತು. ಅವರು ಬೆಂಗಳೂರಿಗೆ ಬಂದು, ಶಾಸಕರ ಅಭಿಪ್ರಾಯ ಸಂಗ್ರಹಿಸಿ, ಸಂಗ್ರಹವನ್ನು ದೆಹಲಿಗೆ ಕೊಂಡೊಯ್ದರು. ಸಂಗ್ರಹಾಲಯಕ್ಕೆ ಸೇರಿದ ವಸ್ತುವಿನಂತೆ ಅದು ಭದ್ರವಾಗಿ ಉಳಿಯಿತು. ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಮಂಡಿಸಿದರು. ಆಡಳಿತ ಪಕ್ಷದ ಬೆಂಚಿನಿಂದ ‘ನಿಮ್ಮ ನಾಯಕ ಯಾರ್ರೀ?’ ಎಂಬ ಕುಹಕ ದಿನವೂ ತೇಲಿಬರುತ್ತಿತ್ತು. 19ರಂದು ಉಪಸಭಾಧ್ಯಕ್ಷರ ಪೀಠದತ್ತ ಕಾಗದ ಹರಿದೆಸೆದದ್ದಕ್ಕೆ ಬಿಜೆಪಿಯ 10 ಶಾಸಕರು ಅಮಾನತಾದರು. ನಾಯಕನಿಲ್ಲದೆಯೂ ಪಕ್ಷವೊಂದು ಇಷ್ಟು ಮಾಡಬಲ್ಲದೆಂದರೆ ನಾಯಕನ ಅಗತ್ಯವೇನು ಎಂಬ ಆಳವಾದ ಪ್ರಶ್ನೆ ಆಗ ಏಳಬೇಕಿತ್ತು. ಏಳಲಿಲ್ಲ.

ಕಾಲಮಾನದ ಹೋಲಿಕೆಗಾಗಿ ಇನ್ನೊಂದು ಸಂಗತಿ. ಜುಲೈ 14ರಂದು ಚಂದ್ರಯಾನ-3 ನೆಲ ಬಿಟ್ಟಿತು. ಆಗಸ್ಟ್ 23ರ ಸಂಜೆ ಅದು ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. ನಿಯಂತ್ರಣ ಕೇಂದ್ರವಿದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ಭೂಮಿಯಿಂದ ಚಂದ್ರನಿಗೆ ಸುಮಾರು 3.84 ಲಕ್ಷ ಕಿಲೋಮೀಟರ್, 40 ದಿನ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎರಡೂ ಮುಕ್ಕಾಲು ಗಂಟೆ. ಅಲ್ಲಿಂದ ಒಂದು ಹೆಸರು ಹೊರಟು ಇಲ್ಲಿಗೆ ತಲುಪಿದ್ದು ನವೆಂಬರ್ 10ರಂದು. ಅದೂ ರಾಜ್ಯಾಧ್ಯಕ್ಷರ ಹೆಸರು: ನಳಿನ್ ಕುಮಾರ್ ಕಟೀಲ್ ಅವರ ಜಾಗಕ್ಕೆ ಶಿಕಾರಿಪುರದ ಬಿ.ವೈ. ವಿಜಯೇಂದ್ರ. ನವೆಂಬರ್ 17ರಂದು ಹೊಸ ವೀಕ್ಷಕರಾಗಿ ನಿರ್ಮಲಾ ಸೀತಾರಾಮನ್ ಮತ್ತು ದುಷ್ಯಂತ್ ಕುಮಾರ್ ಗೌತಮ್ ಬಂದರು, ಖಾಸಗಿ ಹೋಟೆಲಿನಲ್ಲಿ ಶಾಸಕಾಂಗ ಪಕ್ಷದ ಸಭೆ ಸೇರಿತು, ಪದ್ಮನಾಭನಗರದ ಆರ್. ಅಶೋಕ ‘ಅವಿರೋಧವಾಗಿ’ ಆಯ್ಕೆಯಾದರು. ಬಸನಗೌಡ ಪಾಟೀಲ ಯತ್ನಾಳ ಮತ್ತು ರಮೇಶ ಜಾರಕಿಹೊಳಿ ಹೊರನಡೆದರು. ಅವಿರೋಧ ಎಂಬುದರ ಶಾಸ್ತ್ರೋಕ್ತ ಅರ್ಥ ವಿರೋಧ ಇಲ್ಲವೆಂದಲ್ಲ, ಒಳಗಿಲ್ಲ ಎಂದು.

ಮೇ 13ರಿಂದ ನವೆಂಬರ್ 17ಕ್ಕೆ 188 ದಿನ. ಆ ಸಂಜೆಯ ಚರ್ಚೆಗಳಲ್ಲಿ ಕೇಳಿಬಂದದ್ದೆಲ್ಲ ಯತ್ನಾಳರ ಮುಂದಿನ ನಡೆ ಏನು ಎಂಬುದೇ. 104 ಇದ್ದದ್ದು 66 ಆದದ್ದು ಹೇಗೆಂದು ಯಾರೂ ಕೇಳಲಿಲ್ಲ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಶುದ್ಧವಾದ ಪ್ರಯೋಗಸಾಕ್ಷ್ಯ ಸಿಗುವುದು ಕಷ್ಟ. ‘ಯಾರು ಮುನಿಸಿಕೊಂಡರು?’ ಎಂಬ ಮೂರನೇ ಪ್ರಶ್ನೆಗೆ ಆಯಸ್ಸೂ ಗಟ್ಟಿ: 2025ರ ಮಾರ್ಚ್‌ನಲ್ಲಿ ಯತ್ನಾಳರನ್ನು ಆರು ವರ್ಷ ಉಚ್ಚಾಟಿಸುವವರೆಗೂ ಅದು ಓಡಿತು, ಉಚ್ಚಾಟನೆಯ ನಂತರವೂ ನಿಲ್ಲಲಿಲ್ಲ.

ತೌಲನಿಕ ಅಧ್ಯಯನ: ಆಂಗ್ಲ ಸಂಪ್ರದಾಯ

ವಿಳಂಬ ನಮ್ಮವರ ಜಾಯಮಾನವೆಂದು ತಿಳಿದವರಿಗಾಗಿ ಈ ಅಧ್ಯಾಯ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕನ ಆಯ್ಕೆ ನೋಡಿಕೊಳ್ಳಲು ‘1922ರ ಸಮಿತಿ’ ಎಂಬುದಿದೆ. ಅದು ಹುಟ್ಟಿದ್ದು 1923ರಲ್ಲಿ. ಹೆಸರಿನಲ್ಲೇ ಒಂದು ವರ್ಷದ ಏರುಪೇರು ಇಟ್ಟುಕೊಂಡ ಸಂಸ್ಥೆಯ ಬಗ್ಗೆ ಸಂಶೋಧಕನಿಗೆ ಸಹಜವಾಗಿ ಗೌರವ ಮೂಡುತ್ತದೆ.

2024ರ ಜುಲೈ 4ರಂದು ಆ ಪಕ್ಷ ನೆಲಕಚ್ಚಿ 121 ಸ್ಥಾನಕ್ಕೆ ಇಳಿಯಿತು. ಅಲ್ಲಿ ಆಯ್ಕೆ ಎರಡು ಹಂತದ್ದು: ಸಂಸದರು ಸುತ್ತು ಸುತ್ತಾಗಿ ಮತ ಹಾಕಿ ಇಬ್ಬರನ್ನು ಉಳಿಸಬೇಕು, ಉಳಿದಿಬ್ಬರಲ್ಲಿ ಒಬ್ಬರನ್ನು ಪಕ್ಷದ ಸದಸ್ಯರು ಆರಿಸಬೇಕು. ಅಕ್ಟೋಬರ್ 8ರ ಸುತ್ತಿನಲ್ಲಿ ಜೇಮ್ಸ್ ಕ್ಲೆವರ್ಲಿಗೆ 39 ಮತ, ರಾಬರ್ಟ್ ಜೆನ್ರಿಕ್‌ಗೆ 31, ಕೆಮಿ ಬೇಡನಾಕ್‌ಗೆ 30, ಟಾಮ್ ಟುಗೆಂಡಾಟ್‌ಗೆ 20. ಕೊನೆಯವರು ಹೊರಬಿದ್ದರು, ಅವರ 20 ಮತ ಹಂಚಿಕೆಯಾಗಬೇಕು. ಮುಂಚೂಣಿಯಲ್ಲಿದ್ದ ಕ್ಲೆವರ್ಲಿಗೆ ಮರುದಿನ ಬಿದ್ದದ್ದು 37. ಬೇಡನಾಕ್ 42, ಜೆನ್ರಿಕ್ 41, ಕ್ಲೆವರ್ಲಿ ಮನೆಗೆ. ಇಪ್ಪತ್ತು ಮತ ಪೇಟೆಗೆ ಬಂದಾಗ ಇದ್ದವುಗಳಲ್ಲೇ ಎರಡನ್ನು ಕಳೆದುಕೊಂಡ ಈ ಅದ್ಭುತಕ್ಕೆ ವ್ಯಾಖ್ಯಾನಕಾರರು ಕೊಡುವ ಕಾರಣ, ಕೆಲವು ಬೆಂಬಲಿಗರು ತಮಗೆ ಅನುಕೂಲವಾದ ಎದುರಾಳಿಯನ್ನೇ ಕಣದಲ್ಲಿ ಉಳಿಸಿಕೊಳ್ಳಲು ಜಾಣತನ ಮಾಡಿದರು ಎಂದು. ನಮ್ಮ ಕಡೆಯ ಸೊಸೈಟಿ ಎಲೆಕ್ಷನ್ನಿನ ಯಾವ ಅನುಭವಿಯನ್ನು ಕೇಳಿದ್ದರೂ ‘ಮೊದ್ಲು ನಿನ್ನ ಮನೆ ಮತ ಎಣಿಸ್ಕೊಳಯ್ಯಾ’ ಎನ್ನುತ್ತಿದ್ದ. ಕೊನೆಗೆ ನವೆಂಬರ್ 2ರಂದು ಬೇಡನಾಕ್ 53,806 ಸದಸ್ಯ ಮತಗಳಿಂದ ಗೆದ್ದರು, ಜೆನ್ರಿಕ್‌ಗೆ 41,388.

ಲೇಬರ್ ಪಕ್ಷದ 2015ರ ಪ್ರಕರಣ ಇದಕ್ಕಿಂತ ರಸವತ್ತಾದದ್ದು. ಮೇ 7ರಂದು ಸೋತು 232 ಸ್ಥಾನಕ್ಕೆ ಬಂದ ಪಕ್ಷದಲ್ಲಿ ಅಭ್ಯರ್ಥಿಯಾಗಲು 35 ಸಂಸದರ ಸಹಿ ಬೇಕಿತ್ತು. ಜೆರೆಮಿ ಕಾರ್ಬಿನ್ ಗೆಲ್ಲುತ್ತಾರೆಂದು ಯಾರೂ ಎಣಿಸಿರಲಿಲ್ಲ. ಆದರೂ ಚರ್ಚೆ ಕಳೆಗಟ್ಟಲಿ ಎಂದು, ಅವರಿಗೆ ಮತ ಹಾಕುವ ಇರಾದೆ ಇಲ್ಲದ ಕೆಲವರು ಗಡುವಿನ ಕೊನೆಯ ಗಳಿಗೆಯಲ್ಲಿ ಸಹಿ ಹಾಕಿ 36 ಮಾಡಿಕೊಟ್ಟರು. ಮೂರು ಪೌಂಡ್ ಕೊಟ್ಟು ನೋಂದಾಯಿಸಿಕೊಂಡ ಬೆಂಬಲಿಗರಿಗೂ ಮತ ಇತ್ತು. ಕಾರ್ಬಿನ್ ಮೊದಲ ಸುತ್ತಿನಲ್ಲೇ ಶೇಕಡಾ 59.5 ಮತ ಪಡೆದು ಗೆದ್ದುಬಿಟ್ಟರು. ಸಹಿ ಹಾಕಿದವರಲ್ಲೊಬ್ಬರಾದ ಮಾರ್ಗರೆಟ್ ಬೆಕೆಟ್ ತಾವು ದಡ್ಡತನ ಮಾಡಿದೆವೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು.

ಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಮಹತ್ತ್ವದ್ದು ಇನ್ನೊಂದು ದಿನಾಂಕ. 2015ರಲ್ಲಿ ಪಕ್ಷ ಸೋತದ್ದೇಕೆ ಎಂದು ತನಿಖೆ ಮಾಡುವ ಹೊಣೆ ಇದೇ ಬೆಕೆಟ್ ಅವರಿಗೆ ಬಂದಿತ್ತು. ನಾಯಕ ಆಯ್ಕೆಯಾದದ್ದು ಸೆಪ್ಟೆಂಬರ್ 12ಕ್ಕೆ. ಸೋಲಿನ ಕಾರಣಗಳ ವರದಿ ಹೊರಬಂದದ್ದು 2016ರ ಜನವರಿಯಲ್ಲಿ. ಔಷಧಿ ಕುಡಿಸಿ ನಾಲ್ಕು ತಿಂಗಳಾದ ಮೇಲೆ ರೋಗ ಯಾವುದೆಂದು ಗೊತ್ತಾಯಿತು. ವರದಿಯನ್ನು ಪ್ರಕಟಿಸಿದರು ಎಂಬಷ್ಟರ ಮಟ್ಟಿಗೆ ಲೇಬರ್ ಪಕ್ಷ ಇನ್ನೂ ಅಪಕ್ವ ಎನ್ನಬೇಕು. 2014ರಲ್ಲಿ 44ಕ್ಕೆ ಕುಸಿದ ಕಾಂಗ್ರೆಸ್ ಕೂಡ ಎ.ಕೆ. ಆ್ಯಂಟನಿ ಸಮಿತಿಯಿಂದ ವರದಿ ತರಿಸಿಕೊಂಡಿತು. ಅದನ್ನು ಅಚ್ಚು ಹಾಕಿಸಿ ಹಂಚುವ ಅಚಾತುರ್ಯ ಮಾಡಲಿಲ್ಲ.

ಹಂಗಾಮಿ ಎಂಬ ಶಾಶ್ವತ

ಮತ್ತೆ 2019ರ ಕಾಂಗ್ರೆಸ್ಸಿಗೆ ಬರೋಣ. ಆಗಸ್ಟ್ 10ರಂದು ಸೋನಿಯಾ ಗಾಂಧಿ ಹಂಗಾಮಿ ಅಧ್ಯಕ್ಷೆಯಾದರು. 2020ರ ಆಗಸ್ಟ್‌ನಲ್ಲಿ 23 ಮಂದಿ ಮುಖಂಡರು ಪೂರ್ಣಾವಧಿ ಅಧ್ಯಕ್ಷರು ಬೇಕೆಂದು ಪತ್ರ ಬರೆದರು. ಪತ್ರದ ಫಲವಾಗಿ ಪತ್ರ ಬರೆದವರ ಬಗ್ಗೆ ಚರ್ಚೆಯಾಯಿತು. ಹಂಗಾಮಿ ಅವಧಿ 2022ರ ಅಕ್ಟೋಬರ್ ತನಕ, ಮೂರು ವರ್ಷ ಎರಡು ತಿಂಗಳಿಗೂ ಹೆಚ್ಚು ಕಾಲ, ನಡೆಯಿತು. ಅದೇ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಲಿಜ್ ಟ್ರಸ್ ಎಂಬ ಕಾಯಂ ಪ್ರಧಾನಿ 50 ದಿನ ತುಂಬುವಷ್ಟರಲ್ಲಿ ಕುರ್ಚಿ ಬಿಟ್ಟಿಳಿದರು. ಹಂಗಾಮಿ ಯಾವುದು, ಕಾಯಂ ಯಾವುದು ಎಂಬ ಬಗ್ಗೆ ಸೇವಾ ನಿಯಮಾವಳಿ ಬರೆಯುವವರು ಒಮ್ಮೆ ಕೂತು ಯೋಚಿಸಬೇಕು.

ಕೊನೆಗೆ 2022ರ ಅಕ್ಟೋಬರ್ 17ರಂದು ಚುನಾವಣೆಯೇ ನಡೆಯಿತು. ಕಣದಲ್ಲಿ ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್. ಮತಪತ್ರದಲ್ಲಿ ಖರ್ಗೆ ಅವರದು ಮೊದಲ ಕ್ರಮಾಂಕ. ಇಷ್ಟವಾದವರ ಹೆಸರಿನ ಮುಂದೆ ‘1’ ಎಂದು ಬರೆಯಬೇಕೆಂಬುದು ಮೊದಲಿನ ಸೂಚನೆ. ಹಾಗಾದರೆ ಒಂದನೇ ನಂಬರಿನವರಿಗೇ ಹಾಕಿ ಎಂದಂತಾಗುವುದಿಲ್ಲವೇ ಎಂದು ತರೂರ್ ಕಡೆಯವರು ಆಕ್ಷೇಪಿಸಿದರು, ಟಿಕ್ ಹಾಕಿದರೆ ಸಾಕೆಂದು ಬದಲಾಯಿತು. ಖರ್ಗೆ 7,897, ತರೂರ್ 1,072, ತಿರಸ್ಕೃತ 416. ದೇಶಕ್ಕೆ ಮತದಾನ ಕಲಿಸಿದ ಪಕ್ಷದ ಆಯ್ದ ಪ್ರತಿನಿಧಿಗಳಲ್ಲಿ 416 ಮಂದಿಗೆ ಒಂದು ಟಿಕ್ ಹಾಕಲು ಬರಲಿಲ್ಲವೆಂದು ನಂಬುವುದು ಅವರಿಗೆ ಮಾಡುವ ಅವಮಾನ. ಮೂರನೇ ಅಭ್ಯರ್ಥಿಗೆ ಅವರು ಹಾಗೆ ಮತ ಹಾಕಿರಬೇಕು.

ಆ ದಿನ ಭಾರತ ಜೋಡೋ ಯಾತ್ರೆ ಬಳ್ಳಾರಿಯಲ್ಲಿತ್ತು. ರಾಹುಲ್ ಗಾಂಧಿ ಸಂಗನಕಲ್ಲಿನಲ್ಲಿ ಹಾಕಿದ್ದ ಮತಗಟ್ಟೆಯಲ್ಲಿ ಮತ ಚಲಾಯಿಸಿದರು. ಸಂಗನಕಲ್ಲು ನವಶಿಲಾಯುಗದ ನೆಲೆ. ಅಲ್ಲಿನ ಗುಡ್ಡದಲ್ಲಿ ಕಲ್ಲುಕೊಡಲಿಗಳು ರಾಶಿಯಾಗಿ ಸಿಕ್ಕಿವೆ. ಬುಡಕಟ್ಟಿನ ಮುಖ್ಯಸ್ಥನನ್ನು ಅಲ್ಲಿನವರು ಹೇಗೆ ಆರಿಸಿಕೊಳ್ಳುತ್ತಿದ್ದರೋ ಕಲ್ಲುಗಳು ಹೇಳುವುದಿಲ್ಲ. ಎಷ್ಟೇ ತಡವಾಗಿದ್ದರೂ ಶಿಲಾಯುಗ ಮುಗಿಯುವುದರೊಳಗೆ ಆರಿಸಿಕೊಂಡಿದ್ದರು ಎಂದಷ್ಟೇ ಹೇಳಬಹುದು. ಹೊಸ ಅಧ್ಯಕ್ಷರ ವಿಷಯಕ್ಕೆ ಬಂದರೆ, ದಶಕಗಳ ಕಾಲ ‘ಸೋಲಿಲ್ಲದ ಸರದಾರ’ ಎನಿಸಿಕೊಂಡಿದ್ದ ಖರ್ಗೆ ಮೊದಲ ಬಾರಿಗೆ ಸೋತದ್ದು ಇದೇ 2019ರಲ್ಲಿ, ಕಲಬುರಗಿಯಲ್ಲಿ. ಸೋತ ಪಕ್ಷಕ್ಕೆ ಸೋಲು ಕಂಡವರೇ ಬೇಕೆಂಬುದು ಅರ್ಹತೆಯಾಗಿ ಎಲ್ಲೂ ಬರೆದಿಲ್ಲ, ಆದರೂ ಅನುಭವಕ್ಕೆ ಬೆಲೆ ಇದ್ದೇ ಇದೆ.

ನಾಯಕಶೋಧಾಂಕ

ಇಂಥ ಚದುರಿದ ಸಾಮಗ್ರಿಯನ್ನು ಒಂದು ಸೂತ್ರಕ್ಕೆ ತರದಿದ್ದರೆ ಶಾಸ್ತ್ರವೆನಿಸದು. ಸೋಲಿನ ದಿನದಿಂದ ನಾಯಕ ಸಿಕ್ಕ ದಿನದವರೆಗಿನ ದಿನಗಳನ್ನು ಗೆದ್ದ ಸ್ಥಾನಗಳಿಂದ ಭಾಗಿಸಿದರೆ ಬರುವುದೇ ನಾಯಕಶೋಧಾಂಕ. ಲೇಬರ್ ಪಕ್ಷಕ್ಕೆ 128 ದಿನ, 232 ಸ್ಥಾನ: 0.55. ಕನ್ಸರ್ವೇಟಿವ್ ಪಕ್ಷಕ್ಕೆ ಲೆಕ್ಕ ಹಾಕಿ ನೋಡಿದಾಗ ನಮ್ಮ ಮೈ ಝುಮ್ಮೆಂದಿತು: 121 ಸ್ಥಾನ, ಮತ್ತು ಜುಲೈ 4ರಿಂದ ನವೆಂಬರ್ 2ಕ್ಕೆ ಸರಿಯಾಗಿ 121 ದಿನ. ಅಂಕ 1.00. ಸ್ಥಾನಕ್ಕೊಂದು ದಿನ! ಪ್ರತಿ ಸಂಸದನೂ ಒಂದೊಂದು ದಿನ ಹಾಳು ಮಾಡಿದನೆಂಬ ಈ ಸಮಾನತೆ ಪ್ರಜಾಪ್ರಭುತ್ವದ ತೊಟ್ಟಿಲಿನಲ್ಲೇ ಸಾಧ್ಯ. ಕರ್ನಾಟಕ ಬಿಜೆಪಿಯದು 2.85. ಕಾಂಗ್ರೆಸ್ 2019ರ ಮೇ 23ರಿಂದ 2022ರ ಅಕ್ಟೋಬರ್ 19ರ ಎಣಿಕೆಯವರೆಗೆ 1,245 ದಿನ ತೆಗೆದುಕೊಂಡು 23.94 ಗಳಿಸಿದೆ, ಸದ್ಯಕ್ಕೆ ಇದೇ ದಾಖಲೆ. ಸ್ಥಾನ ಕಡಿಮೆಯಾದಷ್ಟೂ ಶೋಧಾಂಕ ಏರುತ್ತದೆ ಎಂಬ ನಿಯಮ ಇದರಿಂದ ಸಿದ್ಧವಾಯಿತು.

ಜೆಡಿಎಸ್ ಮಾತ್ರ ಈ ನಿಯಮಕ್ಕೆ ಬಗ್ಗಲಿಲ್ಲ. 19 ಸ್ಥಾನಕ್ಕೆ 60ರ ಮೇಲೆ ಅಂಕ ಬರಬೇಕಿತ್ತು. 2023ರ ಅಕ್ಟೋಬರ್ 19ರಂದು ದೇವೇಗೌಡರು ರಾಜ್ಯ ಘಟಕವನ್ನು ವಿಸರ್ಜಿಸಿ, ಸಿ.ಎಂ. ಇಬ್ರಾಹಿಂ ಅವರ ಜಾಗಕ್ಕೆ ಕುಮಾರಸ್ವಾಮಿ ಅವರನ್ನು ಹಂಗಾಮಿ ಅಧ್ಯಕ್ಷರಾಗಿ ನೇಮಿಸಿದರು: 159 ದಿನ, ಬರೀ 8.37. ಅದರಲ್ಲೂ ಶೋಧಕ್ಕೆ ತಗುಲಿದ ಕಾಲವೆಷ್ಟು? ನಡುಮನೆಯಿಂದ ಊಟದ ಮನೆಗೆ ಕೂಗಿ ಕರೆಯುವಷ್ಟು. ವೀಕ್ಷಕರಿಲ್ಲ, ವಿಮಾನವಿಲ್ಲ, ಆಕಾಂಕ್ಷಿಗಳ ಗುಂಪಿಲ್ಲ. ಶೋಧವೇ ಇಲ್ಲದ ಕಡೆ ಶೋಧಾಂಕ ಹೇಗೆ ಅನ್ವಯವಾದೀತು ಎಂದು ಹೇಳಿ ಆ ಪಕ್ಷವನ್ನು ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ನಿಯಮಕ್ಕೆ ಒಗ್ಗದ ಸಾಮಗ್ರಿಯನ್ನು ಕೈಬಿಡುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೊಸದೇನಲ್ಲ.

ಒಂದು ಶಂಕೆ, ಅದರ ಪರಿಹಾರ

ಪ್ರಬಂಧದ ಕರಡನ್ನು ಓದಿದ ಒಬ್ಬ ಹಳೆಯ ಕಾರ್ಯಕರ್ತರು ಬೀಡಿ ಆರಿಸಿ ಒಂದು ಶಂಕೆ ಎತ್ತಿದರು: ‘ಸ್ವಾಮಿ, ಇದೆಲ್ಲಾ ಸೋತವರ ಪಾಡು ಅಂತೀರಿ. ಗೆದ್ದವರು ಮಾಡಿದ್ದೇನು ಮತ್ತೆ?’

ಶಂಕೆ ಯುಕ್ತವಾದದ್ದು. 2023ರ ಮೇ 13ರಂದು 135 ಗೆದ್ದ ಕಾಂಗ್ರೆಸ್ ಮರುದಿನವೇ ಹೋಟೆಲಿನಲ್ಲಿ ಸಭೆ ಸೇರಿತು. ವೀಕ್ಷಕರು ಬಂದರು. ಶಾಸಕರ ಗುಪ್ತ ಅಭಿಪ್ರಾಯ ಪಡೆದರು. ನಾಯಕನ ಆಯ್ಕೆಯನ್ನು ಎಐಸಿಸಿ ಅಧ್ಯಕ್ಷರಿಗೆ ಬಿಡಲಾಗಿದೆ ಎಂಬ ಒಂದು ಸಾಲಿನ ನಿರ್ಣಯವಾಯಿತು. ಇಬ್ಬರು ಆಕಾಂಕ್ಷಿಗಳು ದೆಹಲಿಗೆ ಹೋದರು. 18ರಂದು ಸಿದ್ದರಾಮಯ್ಯ ಮುಖ್ಯಮಂತ್ರಿ, ಶಿವಕುಮಾರ್ ಉಪಮುಖ್ಯಮಂತ್ರಿ ಎಂದಾಯಿತು. 20ಕ್ಕೆ ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ. ಐದು ದಿನಕ್ಕೆ 135 ಸ್ಥಾನ, ಅಂಕ 0.04. ವಿಧಿಗಳು ಒಂದೂ ಬಿಡದೆ ಅವೇ. ವೇಗ ಮಾತ್ರ ಬೇರೆ.

ಇದರಿಂದ ನಮ್ಮ ಸಿದ್ಧಾಂತ ಬಿದ್ದುಹೋಯಿತೆಂದು ಹಳೆಯ ಕಾರ್ಯಕರ್ತರು ಹಿಗ್ಗಿದರು. ಇಲ್ಲ. ಸೋತವರು ಪ್ರಶ್ನೆಯನ್ನು ಮೊದಲು ಬೇಯಿಸಿ ಆಮೇಲೆ ನಾಯಕನನ್ನು ಬಡಿಸುತ್ತಾರೆ. ಗೆದ್ದವರು ನಾಯಕನನ್ನು ಬಡಿಸಿಬಿಟ್ಟು ಪ್ರಶ್ನೆಯನ್ನು ಒಲೆಯ ಮೇಲೆ ಬಿಟ್ಟಿರುತ್ತಾರೆ. ಐದು ದಿನದಲ್ಲಿ ಮುಗಿದ ಆಯ್ಕೆಯ ಒಳಗೆ ಎರಡೂವರೆ ವರ್ಷದ ಒಪ್ಪಂದವೊಂದಿತ್ತೋ ಇಲ್ಲವೋ ಎಂಬ ಜಿಜ್ಞಾಸೆ 2025ರ ನವೆಂಬರ್ ವೇಳೆಗೆ ಕುದಿದು ಉಕ್ಕಿತು. ನವೆಂಬರ್ 29ರಂದು ಮುಖ್ಯಮಂತ್ರಿಗಳ ಮನೆಯಲ್ಲಿ ಉಪಮುಖ್ಯಮಂತ್ರಿಗಳಿಗೆ ಉಪಾಹಾರ, ಡಿಸೆಂಬರ್ 2ರಂದು ಉಪಮುಖ್ಯಮಂತ್ರಿಗಳ ಮನೆಯಲ್ಲಿ ಮುಖ್ಯಮಂತ್ರಿಗಳಿಗೆ ಉಪಾಹಾರ. ಎರಡನೆಯದರಲ್ಲಿ ಇಡ್ಲಿಯ ಜೊತೆಗೆ ನಾಟಿಕೋಳಿ ಸಾರು ಇತ್ತು. ಬೆಳಗಿನ ತಿಂಡಿಗೇ ನಾಟಿಕೋಳಿ ಎಂದರೆ ಅದಕ್ಕೆ ಹಿಂದಿನ ರಾತ್ರಿಯಿಂದಲೇ ತಯಾರಿ ಬೇಕು, ಮತ್ತು ಅದು ಬೇಯಲು ಬ್ರಾಯ್ಲರ್ ಕೋಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಸಂಗತಿ ‘ಗೆಲುವಿನ ನಂತರದ ನಾಯಕತ್ವ ಪಾಕಶಾಸ್ತ್ರ’ ಎಂಬ ಬೇರೆಯೇ ವಿಭಾಗಕ್ಕೆ ಸೇರತಕ್ಕದ್ದು. ಅಲ್ಲಿ ಸಂಶೋಧನೆಗೆ ನಾವು ಅರ್ಜಿ ಗುಜರಾಯಿಸಿದ್ದೇವೆ. ವಿಭಾಗಕ್ಕೆ ಇನ್ನೂ ಮುಖ್ಯಸ್ಥರ ನೇಮಕವಾಗಿಲ್ಲವಂತೆ.